ಡೆಲ್ಫ್ಟ್‌ನಿಂದ ಬಂದ ಕಾಗದ

1665ರ ಮಾರ್ಚ್ 6ರಂದು ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತು. ಅದರ ಸಂಪಾದಕ, ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ನೀವು ಕಂಡದ್ದನ್ನು, ಮಾಡಿ ನೋಡಿದ್ದನ್ನು ಬರೆದು ಕಳಿಸಿ ಎಂದು ಆತ ಯುರೋಪಿನ ಉದ್ದಗಲಕ್ಕೂ ಕಾಗದ ಬರೆಯುತ್ತಿದ್ದ. ಹೊರದೇಶಗಳ ಈ ಪತ್ರವ್ಯವಹಾರ ಸರ್ಕಾರದ ಗುಮಾನಿಗೆ ಗುರಿಯಾಗಿ, 1667ರಲ್ಲಿ ಆತ ಕೆಲಕಾಲ ಲಂಡನ್ ಟವರಿನಲ್ಲಿ ಸೆರೆಯಲ್ಲಿದ್ದ. ಬಿಡುಗಡೆಯಾದ ಮೇಲೆ ಮತ್ತೆ ಅದೇ ಕೆಲಸ ಹಿಡಿದ.

ಅವನ ಪತ್ರಿಕೆಯ ಬಾಗಿಲು ಪಂಡಿತರಿಗಷ್ಟೇ ತೆರೆದಿರಲಿಲ್ಲ.

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವೆನ್‌ಹುಕ್‌ಗೆ ಲ್ಯಾಟಿನ್ ಬರುತ್ತಿರಲಿಲ್ಲ. ಗಾಜನ್ನು ತಾನೇ ಉಜ್ಜಿ ಪುಟ್ಟ ಮಸೂರಗಳನ್ನು ಮಾಡಿಕೊಳ್ಳುತ್ತಿದ್ದ. ಕರಿಮೆಣಸು ಯಾಕೆ ಖಾರ ಎಂದು ತಿಳಿಯಲು ಅದನ್ನು ನೀರಲ್ಲಿ ನೆನೆಹಾಕಿದ. ಕೆಲವು ವಾರ ಬಿಟ್ಟು ಮಸೂರದಲ್ಲಿ ನೋಡಿದರೆ ಆ ನೀರಿನ ತುಂಬ ಹರಿದಾಡುವ ಜೀವಿಗಳು! 1676ರ ಅಕ್ಟೋಬರಿನಲ್ಲಿ ಡಚ್ ಭಾಷೆಯಲ್ಲೇ ದೀರ್ಘ ಕಾಗದ ಬರೆದ. ಓಲ್ಡನ್‌ಬರ್ಗ್ ಅದನ್ನು ಇಂಗ್ಲಿಷಿಗೆ ತಂದು ಮರುವರ್ಷ ಅಚ್ಚು ಹಾಕಿಸಿದ.

ಸೊಸೈಟಿಯವರು ಸುಲಭಕ್ಕೆ ನಂಬಲಿಲ್ಲ. ಲೇವೆನ್‌ಹುಕ್ ತನ್ನ ಊರಿನ ಪಾದ್ರಿಗಳೂ ಸೇರಿದಂತೆ ಕಣ್ಣಾರೆ ಕಂಡವರ ಹೇಳಿಕೆಗಳನ್ನು ಕಳಿಸಿದ. 1677ರ ನವೆಂಬರಿನಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೊಸೈಟಿಯ ಸಭೆಯಲ್ಲೇ ಆ ಜೀವಿಗಳನ್ನು ತೋರಿಸಿದ. ಅದನ್ನು ನೋಡಲು ಓಲ್ಡನ್‌ಬರ್ಗ್ ಇರಲಿಲ್ಲ, ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದ.

1680ರಲ್ಲಿ ಲೇವೆನ್‌ಹುಕ್ ಸೊಸೈಟಿಯ ಸದಸ್ಯನಾದ. ಪದವಿ ಕೇಳದೆ ಪುರಾವೆ ಕೇಳಿದ ಆ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.