ಹಾಸಿದ ಬಟ್ಟೆಗಷ್ಟೇ ಕತ್ತರಿ

ಓದುಗರೇ, ನೀವು ಹುಬ್ಬಳ್ಳಿಯ ಗೋಪನಕೊಪ್ಪದ ಕಡೆಯವರಾದರೆ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವುದನ್ನು ಬಲ್ಲಿರಿ. ಬಿಗಿಯಾಗಿ ಸುತ್ತಿಟ್ಟ ಖಾದಿ ಥಾನಿಗೆ ಯಾರೂ ಕತ್ತರಿ ಹಾಕುವುದಿಲ್ಲ. ಬಿಚ್ಚಿ ಹಾಸಿದ ಭಾಗವನ್ನಷ್ಟೇ ಕತ್ತರಿಸುತ್ತಾರೆ. ನಮ್ಮ ಜೀವಕೋಶವೂ ಇದೇ ನಿಯಮ ಪಾಲಿಸುತ್ತದೆಂದು ತಿಳಿಯಲು ದಶಕಗಳೇ ಹಿಡಿದವು.

ಮನುಷ್ಯನಲ್ಲಿರುವ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು 20,000 ಮಾತ್ರ. ಆದರೆ ಎದುರಿಸಬೇಕಾದ ರೋಗಾಣುಗಳಿಗೆ ಲೆಕ್ಕವಿಲ್ಲ. ಅಷ್ಟೊಂದು ಬಗೆಯ ಪ್ರತಿಕಾಯಗಳು ಎಲ್ಲಿಂದ ಬರುತ್ತವೆ? 1976ರಲ್ಲಿ ಬಾಸೆಲ್ ನಗರದಲ್ಲಿದ್ದ ಸುಸುಮು ಟೊನೆಗಾವಾ ಉತ್ತರ ಕೊಟ್ಟರು: ಪ್ರತಿಕಾಯದ ವಂಶವಾಹಿ ತುಂಡುತುಂಡಾಗಿರುತ್ತದೆ, ಬಿ ಕೋಶ ಬೆಳೆಯುವಾಗ ಅವುಗಳಲ್ಲಿ ಕೆಲವನ್ನು ಆಯ್ದು ಜೋಡಿಸುತ್ತದೆ. 1987ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಕತ್ತರಿಸುವ ಕಿಣ್ವದ ಎರಡು ಅಂಗಗಳಾದ ರ್‍ಯಾಗ್-1, ರ್‍ಯಾಗ್-2 ವಂಶವಾಹಿಗಳು 1989 ಮತ್ತು 1990ರಲ್ಲಿ ಅಮೆರಿಕದಲ್ಲಿ ಪತ್ತೆಯಾದವು. ಆದರೆ ಒಂದು ಒಗಟು ಉಳಿದಿತ್ತು. ಬಿ ಕೋಶಕ್ಕೂ ಟಿ ಕೋಶಕ್ಕೂ ಕತ್ತರಿ ಒಂದೇ. ಆದರೂ ಒಂದರಲ್ಲಿ ಪ್ರತಿಕಾಯದ ವಂಶವಾಹಿಯೂ, ಇನ್ನೊಂದರಲ್ಲಿ ಟಿ ಕೋಶಗ್ರಾಹಿಯದೂ ಪೂರ್ಣವಾಗಿ ಜೋಡಣೆಯಾಗುವುದೇಕೆ?

ಇದರ ಸುಳಿವು 1985ರಲ್ಲೇ ಸಿಕ್ಕಿತ್ತು. ಯಾಂಕೊಪೌಲಸ್ ಮತ್ತು ಆಲ್ಟ್ ಅವರು, ಇನ್ನೂ ಜೋಡಣೆಯಾಗದ ತುಂಡುಗಳಿಂದಲೇ ಆರ್.ಎನ್.ಎ. ಹೊರಡುವುದನ್ನು ಕಂಡರು. ಎಲ್ಲಿ ವಂಶವಾಹಿ ಚಟುವಟಿಕೆಯಿಂದಿದೆಯೋ ಅಲ್ಲಿ ಕತ್ತರಿಗೆ ದಾರಿಯಿದೆ ಎಂಬುದು ಅವರ ಊಹೆ. 1996ರ ಪ್ರಯೋಗವೊಂದು ಅದಕ್ಕೆ ಬಲ ನೀಡಿತು. ಕೋಶಕೇಂದ್ರಗಳನ್ನು ಹೊರತೆಗೆದು ರ್‍ಯಾಗ್ ಸೇರಿಸಿದಾಗ, ಆಯಾ ಕೋಶಕ್ಕೆ ತಕ್ಕ ವಂಶವಾಹಿಯೇ ತುಂಡಾಯಿತು. ಡಿ.ಎನ್.ಎ. ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡು ಕ್ರೊಮ್ಯಾಟಿನ್ ಆಗಿರುತ್ತದೆ. ಅದು ಬಿಗಿಯಾದಲ್ಲಿ ಕತ್ತರಿ ಮುಟ್ಟದು. ಸಕ್ರಿಯ ವಂಶವಾಹಿಯ ಹಿಸ್ಟೋನಿನ ಮೇಲಿರುವ ಮೀಥೈಲ್ ಗುರುತನ್ನು ರ್‍ಯಾಗ್-2 ಹಿಡಿದುಕೊಳ್ಳುತ್ತದೆಂದು 2007ರಲ್ಲಿ ತಿಳಿಯಿತು.

ಕತ್ತರಿ ದಾರಿ ತಪ್ಪಿದರೆ? ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನ ಬಹುಪಾಲು ರೋಗಿಗಳಲ್ಲಿ 18ನೆಯ ವರ್ಣತಂತುವಿನ ಬಿಸಿಎಲ್-2 ವಂಶವಾಹಿ 14ನೆಯದರಲ್ಲಿರುವ ಪ್ರತಿಕಾಯದ ವಂಶವಾಹಿಯ ಪಕ್ಕಕ್ಕೆ ಬಂದು ಕೂತಿರುತ್ತದೆ. ಅಲ್ಲಿನ ಚಟುವಟಿಕೆ ಇದಕ್ಕೂ ತಗಲಿ, ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ. ಬಿಸಿಎಲ್-2ರ ಒಂದು ಭಾಗ ಎಂದಿನ ಜೋಡಿ ಎಳೆಯ ರೂಪ ಬಿಟ್ಟಾಗ ರ್‍ಯಾಗ್ ಅದನ್ನೂ ಕತ್ತರಿಸಬಲ್ಲದೆಂದು ಸತೀಶ್ ರಾಘವನ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಅಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದ ಅವರಿಗೆ 2013ರ ಭಟ್ನಾಗರ್ ಪ್ರಶಸ್ತಿ ದೊರೆಯಿತು.

ನಿಮ್ಮನ್ನು ಕಾಯುವ ಕತ್ತರಿಯೇ ನಿಮಗೆ ಮುಳುವೂ ಆಗಬಹುದು. ಯಾವ ಮಡಿಕೆ ಎಂದು ಬಿಚ್ಚಬೇಕೆಂಬ ಕೋಶದ ಎಚ್ಚರವೇ ನಿಮಗೆ ದೊಡ್ಡ ರಕ್ಷೆ.