ವರ್ಗದ ಆದೇಶ ಒಬ್ಬರಿಗೆ, ಗಂಟುಮೂಟೆ ಮನೆಮಂದಿಗೆಲ್ಲ



ವರ್ಗಾವಣೆಯ ಆದೇಶವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದವರು ನಮ್ಮಲ್ಲಿ ಬಹಳ ಮಂದಿ. ಅರ್ಧ ಪುಟದ ಕಾಗದ. ಅದರಲ್ಲಿ ಒಬ್ಬರ ಹೆಸರು, ಹುದ್ದೆ, ಈಗಿರುವ ಊರು, ಹೋಗಬೇಕಾದ ಊರು. ಹೆಂಡತಿಯ ಹೆಸರಿಲ್ಲ, ಎಂಟನೇ ಕ್ಲಾಸಿನ ಮಗನ ಹೆಸರಿಲ್ಲ, ಜತೆಗಿರುವ ವಯಸ್ಸಾದ ಅಮ್ಮನ ಹೆಸರಂತೂ ಇಲ್ಲವೇ ಇಲ್ಲ. ಆದರೆ ಊರು ಬಿಡುವವರು ಇಷ್ಟೂ ಜನ. ಆದೇಶದಲ್ಲಿ ಹೆಸರಿಲ್ಲದ ಈ ಜನರ ಬಗ್ಗೆ ನಮ್ಮ ದೇಶದಲ್ಲಿ ಯಾರು, ಯಾವಾಗ ಯೋಚಿಸಿದರು? ಈ ಸಲ ಆ ಚರಿತ್ರೆಯನ್ನು ಸ್ವಲ್ಪ ಕೆದಕೋಣ.

ಕನ್ನಡಿಗರನ್ನು ದೇಶದ ಉದ್ದಗಲಕ್ಕೂ ಸುತ್ತಾಡಿಸಿದ್ದರಲ್ಲಿ ಕರಾವಳಿಯ ಬ್ಯಾಂಕುಗಳ ಪಾಲು ದೊಡ್ಡದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. (ಕೆಲವಕ್ಕೆ ಆಗ ಬೇರೆ ಹೆಸರಿತ್ತು.) ಕೆನರಾ ಮತ್ತು ಸಿಂಡಿಕೇಟ್ 1969ರ ಜುಲೈನಲ್ಲಿ ರಾಷ್ಟ್ರೀಕರಣವಾದವು, ಉಳಿದೆರಡು 1980ರ ಏಪ್ರಿಲ್‌ನಲ್ಲಿ. 1969ರಲ್ಲಿ ಇಡೀ ದೇಶದಲ್ಲಿದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು ಎಂಟು ಸಾವಿರ ಚಿಲ್ಲರೆ. 1991ರ ಹೊತ್ತಿಗೆ ಅವು 60 ಸಾವಿರದ ಆಸುಪಾಸಿಗೆ ಬಂದವು. ಶಾಖೆ ತೆರೆದ ಕಡೆಗೆಲ್ಲ ಮ್ಯಾನೇಜರು ಹೋಗಲೇಬೇಕಲ್ಲ! ಹೀಗೆ ಕುಂದಾಪುರ, ಕಾರ್ಕಳದ ಹುಡುಗರು ಬಿಹಾರದ, ಉತ್ತರ ಪ್ರದೇಶದ ಸಣ್ಣ ಪೇಟೆಗಳಿಗೆ ಹೋದರು. 2019 ಮತ್ತು 2020ರ ವಿಲೀನಗಳಲ್ಲಿ ಈ ನಾಲ್ಕರ ಪೈಕಿ ಮೂರು ಹೆಸರುಗಳು ಬೋರ್ಡಿನಿಂದ ಇಳಿದವು. ವರ್ಗಾವಣೆ ಮಾತ್ರ ನಿಲ್ಲಲಿಲ್ಲ.

ಬ್ಯಾಂಕಿನವರಿಗೂ ಮೊದಲೇ ಊರು ಬಿಟ್ಟವರು ಹೋಟೆಲು, ಬಂದರು, ಗಿರಣಿಗಳಿಗೆ ಹೋದವರು. ಅವರಿಗೆ ಆದೇಶವೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ಅವರಿಗೆ ಆಸರೆಯಾದದ್ದು ಅವರವರೇ ಕಟ್ಟಿಕೊಂಡ ಸಂಘಗಳು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಷನ್ 1932ರದು. ದೆಹಲಿ ಕರ್ನಾಟಕ ಸಂಘ ಶುರುವಾದದ್ದು 1948ರಲ್ಲಿ. ಮಾಟುಂಗ ಸ್ಟೇಷನ್ನಿನ ಎದುರು ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ 1942ರಲ್ಲಿ ಬಾಳೆಲೆ ಹಾಕಿತು. ಒಂಟಿಯಾಗಿ ಬಂದ ಗಂಡಸಿಗೆ ಊಟ, ಒಂದು ಪರಿಚಯ, ರಾತ್ರಿ ಶಾಲೆಯಲ್ಲಿ ಎರಡಕ್ಷರ, ಇವೆಲ್ಲ ಸಿಕ್ಕಿದವು. ಇಲ್ಲೊಂದು ಮಾತು ಹೇಳಲೇಬೇಕು. ಈ ಏರ್ಪಾಡುಗಳೆಲ್ಲ ಹೆಚ್ಚಾಗಿ ಒಂಟಿ ಗಂಡಸಿಗಾಗಿಯೇ ಇದ್ದವು. ಹೆಂಡತಿ ಮಕ್ಕಳು ಊರಿನಲ್ಲೇ ಇರುತ್ತಾರೆ, ತಿಂಗಳಿಗೊಮ್ಮೆ ಮನಿಯಾರ್ಡರು ಹೋಗುತ್ತದೆ ಎನ್ನುವುದು ಎಲ್ಲರೂ ಒಪ್ಪಿಕೊಂಡ ಲೆಕ್ಕ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದೇ 1998ರಲ್ಲಿ. ಅಲ್ಲಿಯವರೆಗೆ ಮಂಗಳೂರಿಗೂ ಮುಂಬಯಿಗೂ ನಡುವೆ ಇದ್ದದ್ದು ಮುಖ್ಯವಾಗಿ ಘಾಟಿ ರಸ್ತೆಯ ಬಸ್ಸು. ಎರಡು ಒಲೆ ಉರಿಸುವ ಸಂಸಾರ ಎಷ್ಟು ಕಷ್ಟದ್ದೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಹೈದರಾಬಾದಿನ ಕೇಳುಗರಿಗೆ ಇನ್ನೊಂದು ನೆನಪು ಇರಬಹುದು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಹೈದರಾಬಾದ್, ಮುಂಬಯಿ, ಮದರಾಸು ಸರ್ಕಾರಗಳ ಎಷ್ಟೋ ನೌಕರರು ಒಂದೇ ದಿನದಲ್ಲಿ ಮೈಸೂರು ರಾಜ್ಯದವರಾದರು. ಮರುವಿಂಗಡಣೆ ಕಾಯ್ದೆಯ 115ನೇ ಕಲಮು ಅವರ ಸೇವಾ ಷರತ್ತುಗಳಿಗೆ ರಕ್ಷಣೆ ಕೊಟ್ಟಿತು. ಸೀನಿಯಾರಿಟಿಯ ಜಗಳಗಳು ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದವು. ಆ ಮನೆಗಳ ಮಕ್ಕಳು ಹೊಸ ಊರಿನ ಶಾಲೆಗೆ ಹೇಗೆ ಹೊಂದಿಕೊಂಡರು ಎಂಬುದಕ್ಕೆ ಯಾವ ಕಡತವೂ ತೆರೆಯಲಿಲ್ಲ.

ಕುಟುಂಬದಲ್ಲಿ ಸರ್ಕಾರದ ಕಣ್ಣಿಗೆ ಮೊದಲು ಬಿದ್ದದ್ದು ಮಕ್ಕಳೇ. ಎರಡನೇ ವೇತನ ಆಯೋಗದ ಶಿಫಾರಸಿನ ಮೇಲೆ 1962ರ ನವೆಂಬರ್‌ನಲ್ಲಿ ಕೇಂದ್ರೀಯ ಶಾಲೆಗಳ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸೇನೆಯ 20 ರೆಜಿಮೆಂಟ್ ಶಾಲೆಗಳನ್ನು ತೆಗೆದುಕೊಂಡು 1963ರಲ್ಲಿ ಕೆಲಸ ಆರಂಭವಾಯಿತು. 1965ರ ಡಿಸೆಂಬರ್ 15ರಂದು ಕೇಂದ್ರೀಯ ವಿದ್ಯಾಲಯ ಸಂಘಟನೆ ನೋಂದಣಿಯಾಯಿತು. ಯೋಚನೆ ಬಹಳ ಸರಳ. ಅಪ್ಪನಿಗೆ ಜೋಧಪುರದಿಂದ ಮದರಾಸಿಗೆ ವರ್ಗವಾದರೆ ಮಗಳು ಜೋಧಪುರದಲ್ಲಿ ನಿಲ್ಲಿಸಿದ ಪಾಠವನ್ನೇ ಮದರಾಸಿನಲ್ಲಿ ಮುಂದುವರಿಸಬೇಕು. ಅದೇ ಪುಸ್ತಕ, ಅದೇ ಪರೀಕ್ಷೆ. ಪ್ರವೇಶದಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳು ಮೊದಲು, ಆಮೇಲೆ ಕೇಂದ್ರದ ಉದ್ದಿಮೆಗಳವರ ಮಕ್ಕಳು. ಅವರಲ್ಲೂ ಹಿಂದಿನ ಏಳು ವರ್ಷಗಳಲ್ಲಿ ಎಷ್ಟು ಸಲ ವರ್ಗವಾಗಿದೆ ಎಂದು ಎಣಿಸಿ ಆದ್ಯತೆ ಕೊಡುವ ಕ್ರಮ ಬಂತು. ಅಲೆದಾಟಕ್ಕೂ ಅಂಕ ಸಿಕ್ಕ ಜಾಗ ಇದೊಂದೇ ಇರಬೇಕು! ಇಂದು ಇಂಥ ಶಾಲೆಗಳು 1,200ಕ್ಕೂ ಹೆಚ್ಚಿವೆ.

ನನ್ನ ಲೆಕ್ಕದಲ್ಲಿ, ವರ್ಗಾವಣೆಯ ಮನೆಗಳಿಗೆ ನಮ್ಮ ದೇಶ ಮಾಡಿದ ಅತಿ ದೊಡ್ಡ ಉಪಕಾರ ಇದೇ. ಆದರೂ ಅದಕ್ಕೊಂದು ಬೆಲೆ ತೆತ್ತಿದ್ದೇವೆ. ಪಾಠ ನಡೆದದ್ದು ಹಿಂದಿ, ಇಂಗ್ಲಿಷಿನಲ್ಲಿ. ಮೂರು ಊರು ಸುತ್ತಿ ಬಂದ ಹುಡುಗನಿಗೆ ಅಜ್ಜಿಯ ಪತ್ರ ಓದಲು ಬಾರದು. ಆ ಕೊರತೆ ತುಂಬಲು ಮತ್ತೆ ಸಂಘಗಳ ವಾರದ ಕನ್ನಡ ತರಗತಿಗಳೇ ಬೇಕಾದವು. ದೆಹಲಿಯ ಲೋದಿ ಎಸ್ಟೇಟಿನ ಕನ್ನಡ ಶಾಲೆ, ವಡಾಲದ ಕನ್ನಡ ಶಾಲೆ, ಹೈದರಾಬಾದಿನ ನೃಪತುಂಗ ಶಾಲೆ, ಇವೆಲ್ಲ ಹೊರನಾಡಿನಲ್ಲಿ ನೆಲೆಸಿದ ಕನ್ನಡದ ಮನೆಗಳು ತಮಗಾಗಿ ಮಾಡಿಕೊಂಡ ವ್ಯವಸ್ಥೆ.

ಇನ್ನು ಮನೆ ಸಾಗಿಸುವ ವಿಚಾರ. ಹೊಸ ಜಾಗಕ್ಕೆ ಸೇರಿಕೊಳ್ಳಲು ಎಷ್ಟು ದಿನ ಎಂಬುದಕ್ಕೆ ಬ್ರಿಟಿಷರ ಕಾಲದಿಂದಲೂ ನಿಯಮವಿತ್ತು. 1979ರ ಕೇಂದ್ರ ನಿಯಮದ ಪ್ರಕಾರ ಎರಡು ಊರಿನ ನಡುವೆ 1,000 ಕಿಲೋಮೀಟರ್ ಒಳಗಿದ್ದರೆ 10 ದಿನ, ಅದಕ್ಕಿಂತ ಹೆಚ್ಚಿದ್ದರೆ 12, ರೈಲಿನಲ್ಲಿ 2,000 ದಾಟಿದರೆ 15. ಈ ಹತ್ತು ಹದಿನೈದು ದಿನಗಳಲ್ಲಿ ಏನೇನು ಆಗಬೇಕಿತ್ತು? ಮಕ್ಕಳ ಟಿಸಿ ಪಡೆಯಬೇಕು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ ಪತ್ರ ಪಡೆಯಬೇಕು, ಅದಿಲ್ಲದಿದ್ದರೆ ಹೊಸ ಊರಿನಲ್ಲಿ ಸಕ್ಕರೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಗ್ಯಾಸಿನ ಸಿಲಿಂಡರು, ರೆಗ್ಯುಲೇಟರು ವಾಪಸು ಕೊಟ್ಟು ವೋಚರು ಬರೆಸಿಕೊಳ್ಳಬೇಕು. ಹೊಸ ಊರಿನಲ್ಲಿ ಮನೆ ಹುಡುಕಬೇಕು, ಮುಂಗಡ ಕೊಡಬೇಕು. ಸಾಮಾನ್ಯವಾಗಿ ಯಜಮಾನರು ಹೋಗಿ ಡ್ಯೂಟಿಗೆ ಹಾಜರಾಗುತ್ತಿದ್ದರು, ಈ ಕ್ಯೂಗಳಲ್ಲೆಲ್ಲ ನಿಲ್ಲುತ್ತಿದ್ದವರು ಮನೆಯೊಡತಿ. ಭಾಷೆ ಗೊತ್ತಿಲ್ಲದ ಊರಿನಲ್ಲಿ ರೇಷನ್ ಆಫೀಸಿಗೆ ಜತೆಗೆ ಬಂದ ಪಕ್ಕದ ಮನೆಯಾಕೆಯನ್ನು ಎಷ್ಟೋ ಜನ ಮೂವತ್ತು ವರ್ಷವಾದರೂ ಮರೆತಿಲ್ಲ. ಸಾಮಾನು ಸಾಗಿಸಲು ಸರ್ಕಾರ ಭತ್ಯೆ ಕೊಟ್ಟಿತು, ಈ ಓಡಾಟಕ್ಕೆ ಕೊಡಲಿಲ್ಲ.

ಆ ಮನೆಯೊಡತಿಗೂ ನೌಕರಿ ಇದ್ದರೆ? ಈ ಪ್ರಶ್ನೆ ಸರ್ಕಾರದ ಕಾಗದಕ್ಕೆ ಸರಿಯಾಗಿ ಏರಿದ್ದು 1986ರ ಏಪ್ರಿಲ್‌ನಲ್ಲಿ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಸೇವೆಯಲ್ಲಿದ್ದರೆ ಸಾಧ್ಯವಾದಷ್ಟೂ ಒಂದೇ ಊರಿನಲ್ಲಿ ಹಾಕಿ ಎಂದು ಕೇಂದ್ರ ಸುತ್ತೋಲೆ ಹೊರಡಿಸಿತು. 1997ರಲ್ಲಿ, ಮಕ್ಕಳಿಗೆ ಹತ್ತು ವರ್ಷ ತುಂಬುವವರೆಗಾದರೂ ಇದನ್ನು ಪಾಲಿಸಬೇಕೆಂದು ಬಿಗಿ ಮಾಡಿತು. 2009ರಲ್ಲಿ ಆ ವಯಸ್ಸು ಹದಿನೆಂಟಕ್ಕೆ ಏರಿತು. ಸರ್ಕಾರಿ ಬ್ಯಾಂಕುಗಳ ಮಹಿಳಾ ಸಿಬ್ಬಂದಿಯನ್ನು ಗಂಡ ಇರುವ ಊರಿಗೆ ಅಥವಾ ಅದರ ಹತ್ತಿರಕ್ಕೆ ಹಾಕಬೇಕೆಂದು ಹಣಕಾಸು ಸಚಿವಾಲಯ ಹೇಳಿದ್ದು 2014ರಲ್ಲಿ, ಅಂದರೆ ರಾಷ್ಟ್ರೀಕರಣವಾಗಿ 45 ವರ್ಷಗಳ ನಂತರ!

ಎಲ್ಲ ಇಕ್ಕಟ್ಟೂ ಇರುವುದು ‘ಸಾಧ್ಯವಾದಷ್ಟೂ’ ಎಂಬ ಆ ಮಾತಿನಲ್ಲಿ. 1990ರ ದಶಕದ ಆರಂಭದಲ್ಲಿ, ಪತ್ನಿ ಇದ್ದ ಊರಿಗೆ ವರ್ಗ ಕೇಳಿದ್ದ ಒಬ್ಬ ಬ್ಯಾಂಕ್ ಅಧಿಕಾರಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ದಂಪತಿ ಒಟ್ಟಿಗಿರುವುದು ಒಳ್ಳೆಯದೇ, ಆದರೆ ಅದು ಹಕ್ಕಲ್ಲ, ಅಖಿಲ ಭಾರತ ನೌಕರಿಗೆ ಸೇರುವಾಗಲೇ ಈ ಕಷ್ಟ ಗೊತ್ತಿರಬೇಕು ಎಂಬುದು ಆಗಿನ ತೀರ್ಪಿನ ಸಾರ. ಮೂವತ್ತು ವರ್ಷಗಳ ನಂತರ, 2022ರ ಮಾರ್ಚ್‌ನಲ್ಲಿ, ಕಸ್ಟಮ್ಸ್ ಹಾಗೂ ಜಿಎಸ್‌ಟಿ ಇಲಾಖೆಯ ನೌಕರರ ವರ್ಗಾವಣೆಯ ಪ್ರಕರಣದಲ್ಲಿ ಅದೇ ಕೋರ್ಟಿನ ದನಿ ಬದಲಾಗಿತ್ತು. ಇಲಾಖೆಯ ಸುತ್ತೋಲೆಯನ್ನು ಅದು ರದ್ದು ಮಾಡಲಿಲ್ಲ. ಆದರೆ ನೀತಿ ರೂಪಿಸುವಾಗ ಕೌಟುಂಬಿಕ ಜೀವನವನ್ನೂ, ಮನೆಯ ಹೊರೆ ಹೊರುವ ಹೆಂಗಸರ ಪಾಡನ್ನೂ ಗಣನೆಗೆ ತೆಗೆದುಕೊಳ್ಳಬೇಕು, ದಂಪತಿಗಳ ವಿಷಯವನ್ನು ಮತ್ತೆ ನೋಡಿ ಎಂದಿತು. ಹಕ್ಕಿನ ಬಾಗಿಲು ಈಗಲೂ ಪೂರ್ತಿ ತೆರೆದಿಲ್ಲ.

ಇಷ್ಟಾದರೂ ಈ ಚರಿತ್ರೆಯೆಲ್ಲ ಇಬ್ಬರೂ ಸರ್ಕಾರದ ಸಂಬಳ ಪಡೆಯುವ ಮನೆಗಳದು. ಇಂದು ಬೆಂಗಳೂರಿನಿಂದ ಪುಣೆಗೋ ಹೈದರಾಬಾದಿಗೋ ಕಂಪನಿ ಕೆಲಸದ ಮೇಲೆ ಬರುವ ಹೆಚ್ಚಿನ ಮನೆಗಳಿಗೆ ಇದು ಅನ್ವಯಿಸುವುದಿಲ್ಲ. ಲಾರಿ ಬಾಡಿಗೆ, ಕೆಲವು ದಿನದ ಗೆಸ್ಟ್‌ಹೌಸು ಕೊಡುವ ಕಂಪನಿಗಳಿವೆ. ಜತೆಯಲ್ಲಿ ಬಂದವರ ಕೆಲಸ ಏನಾಯಿತು ಎಂದು ಕೇಳುವವರು ಕಡಿಮೆ. ಈಗ ಹೆಂಡತಿಗೆ ವರ್ಗವಾಗಿ ಗಂಡ ಹಿಂದೆ ಬರುವ ಮನೆಗಳೂ ಇವೆ, ಆ ಗಂಡಂದಿರಿಗೂ ಇದೇ ಪಾಡು. ವಕೀಲರಾದರೆ ಒಂದು ಅನುಕೂಲವಿದೆ. 1961ರ ವಕೀಲರ ಕಾಯ್ದೆಯಂತೆ ಒಂದು ರಾಜ್ಯದ ಪಟ್ಟಿಯಿಂದ ಇನ್ನೊಂದು ರಾಜ್ಯದ ಪಟ್ಟಿಗೆ ಹೆಸರು ಬದಲಾಯಿಸಿಕೊಳ್ಳಬಹುದು, ಶುಲ್ಕವಿಲ್ಲ. ನರ್ಸ್ ಆದರೆ ಹೊಸ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಟೀಚರಾದರೆ ಕರ್ನಾಟಕದ ಟಿಇಟಿ ಮಹಾರಾಷ್ಟ್ರದ ಸರ್ಕಾರಿ ಶಾಲೆಗೆ ಸಾಲದು, ಕೇಂದ್ರೀಯ ವಿದ್ಯಾಲಯಗಳಿಗೆ ಕೇಂದ್ರದ ಸಿಟಿಇಟಿ ಬೇಕು. ಇಂಥ ವಿವರ ಬಲ್ಲ ಒಬ್ಬರು ನರ್ಸ್, ಒಬ್ಬರು ಟೀಚರ್, ಒಬ್ಬರು ವಕೀಲರು ನಿಮ್ಮ ಊರಿನ ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮುದ್ರಿಸುವ ಕರಪತ್ರದ ಹಿಂಬದಿ ಹೇಗೂ ಖಾಲಿ ಇರುತ್ತದೆ. ಒಪ್ಪಿದವರ ಹೆಸರು, ಫೋನ್ ನಂಬರು ಹಾಕಲು ಅಷ್ಟು ಜಾಗ ಸಾಕು.