ಗಡ್ಡದ ತಾತನ ಊರಿನಲ್ಲಿ

ರಜೆಗೆಂದು ತಿಪಟೂರಿಗೆ ಹೋದಾಗಲೆಲ್ಲ ನನಗೆ ಎರಡು ಪ್ರಶ್ನೆ ಕಾದಿರುತ್ತವೆ. ಒಂದು ಕಾವೇರಿ ನೀರಿನದು. ಅದಕ್ಕೆ ಉತ್ತರ ಕೊಡುವಷ್ಟು ಧೈರ್ಯ ನನಗಿಲ್ಲ, ಕಾಫಿ ಕುಡಿದು ಮಾತು ಬದಲಿಸುತ್ತೇನೆ. ಇನ್ನೊಂದು, "ಅಲ್ಲಾ ಮಾರಾಯ, ಆ ತಮಿಳ್ರಿಗೆ ದೇವರಿದ್ದಾನೋ ಇಲ್ವೋ? ಬೀದಿಬೀದಿಗೆ ದೇವಸ್ಥಾನ, ಅದರ ಎದುರಿಗೇ ದೇವರಿಲ್ಲ ಅಂತ ಬರೆದ ವಿಗ್ರಹ!" ಎನ್ನುವುದು. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. 1988ರಲ್ಲಿ ಬ್ಯಾಂಕಿನ ವರ್ಗಾವಣೆಯಲ್ಲಿ ತಿರುಚಿರಾಪಳ್ಳಿಗೆ ಬಂದವನು, ಆಮೇಲೆ ಚೆನ್ನೈ ಸೇರಿ, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವನು ನಾನು. ಆದ್ದರಿಂದ ಕೊಂಚ ವಿವರವಾಗಿಯೇ ಬರೆಯುತ್ತೇನೆ.

ವಿಗ್ರಹದ ಗಡ್ಡದ ತಾತ ಪೆರಿಯಾರ್ ಇ. ವೆ. ರಾಮಸ್ವಾಮಿ. 1879ರಲ್ಲಿ ಈರೋಡಿನಲ್ಲಿ ಹುಟ್ಟಿದವರು. ಅವರ ಮನೆಮಾತು ಕನ್ನಡ ಎಂದರೆ ನಮ್ಮ ಕಡೆ ಈಗಲೂ ಅನೇಕರು ನಂಬುವುದಿಲ್ಲ. ತಂದೆ ವೆಂಕಟಪ್ಪ ನಾಯಕರು ದೊಡ್ಡ ವ್ಯಾಪಾರಿ, ವಿಷ್ಣುಭಕ್ತರು. ಸಾಧುಗಳಿಗೂ ಪಂಡಿತರಿಗೂ ಸದಾ ಬಾಗಿಲು ತೆರೆದಿದ್ದ ಮನೆ. ಹುಡುಗ ಆ ಪಂಡಿತರನ್ನೇ ಪುರಾಣದ ಬಗ್ಗೆ ಅಡ್ಡಪ್ರಶ್ನೆ ಕೇಳಿ ಕಾಡುತ್ತಿದ್ದನಂತೆ. ದೊಡ್ಡವರಾದ ಮೇಲೆ ಊರಿನ ದೇವಸ್ಥಾನ ಸಮಿತಿಯ ಆಡಳಿತವನ್ನೂ ಅವರು ನೋಡಿಕೊಂಡಿದ್ದರು ಎನ್ನುವುದು ಇನ್ನೊಂದು ಸ್ವಾರಸ್ಯ. ನಾಸ್ತಿಕರಾಗುವ ಮೊದಲೇ ಅವರಿಗೆ ದೇವರ ಲೆಕ್ಕಪತ್ರ ಗೊತ್ತಿತ್ತು ಅನ್ನಿ!

ನನ್ನ ತಾಯಿಯನ್ನು 2008ರಲ್ಲಿ ಶ್ರೀರಂಗಕ್ಕೆ ಕರೆದುಕೊಂಡು ಹೋಗಿದ್ದೆ. ರಾಜಗೋಪುರದ ಎದುರಿನ ವಿಗ್ರಹ ನೋಡಿ, "ಯಾರಪ್ಪಾ ಈ ಗಡ್ಡದ ತಾತ, ಯಾವ ಋಷಿ?" ಅಂದರು. ಹೇಳಿದೆ. ಕನ್ನಡ ಮಾತಾಡೋ ಮನೆಯವರು ಅಂತಲೂ ಸೇರಿಸಿದೆ. ಅಮ್ಮ ಸ್ವಲ್ಪ ಹೊತ್ತು ನಿಂತು, "ಹಾಗಾದ್ರೆ ಯಾರೋ ಅವರಿಗೆ ಊಟದ ಹೊತ್ತಲ್ಲಿ ಅವಮಾನ ಮಾಡಿರಬೇಕು ಕಣೋ" ಅಂದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಪೆರಿಯಾರರ ಜೀವನಚರಿತ್ರೆ ಬರೆದವರೆಲ್ಲ ಹೇಳುವುದೂ ಅದನ್ನೇ. 1904ರಲ್ಲಿ ಮನೆ ಬಿಟ್ಟು ಕಾಶಿಗೆ ಹೋದ ಯುವಕನಿಗೆ ಅಲ್ಲಿನ ಛತ್ರದಲ್ಲಿ ಊಟ ಸಿಗಲಿಲ್ಲ. ಬ್ರಾಹ್ಮಣರಿಗೆ ಮಾತ್ರ ಎಂದು ಹೊರಗೆ ತಳ್ಳಿದರು. ಹಸಿವು ತಾಳದೆ ಬೀದಿಗೆಸೆದ ಎಂಜಲೆಲೆಯಲ್ಲಿದ್ದುದನ್ನು ತಿಂದರು. ತಲೆಯೆತ್ತಿ ನೋಡಿದರೆ, ಆ ಛತ್ರ ಕಟ್ಟಿಸಿದವನು ಬ್ರಾಹ್ಮಣನಲ್ಲದ ಒಬ್ಬ ದ್ರಾವಿಡ ವರ್ತಕ.

ಇಲ್ಲಿನ ಆಸ್ತಿಕ ನಾಸ್ತಿಕ ಜಗಳದ ಬೇರು ಇಲ್ಲಿದೆ ಎಂದು ನನ್ನ ತಿಳಿವಳಿಕೆ. ದೇವರು ಇದ್ದಾನೋ ಇಲ್ಲವೋ ಎನ್ನುವ ತತ್ವದ ವಾದ ಇವರದ್ದಲ್ಲ. ದೇವರ ಹೆಸರಿನಲ್ಲಿ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಉಣ್ಣಬೇಕು, ಯಾವ ರಸ್ತೆಯಲ್ಲಿ ನಡೆಯಬೇಕು ಎನ್ನುವುದೇ ತಕರಾರು. 1924ರಲ್ಲಿ ಪೆರಿಯಾರ್ ಕಾಂಗ್ರೆಸ್ಸಿನಲ್ಲಿದ್ದುಕೊಂಡೇ ವೈಕಂ ಸತ್ಯಾಗ್ರಹಕ್ಕೆ ಹೋಗಿ ಎರಡು ಬಾರಿ ಜೈಲು ಸೇರಿದರಲ್ಲ, ಅದು ಗುಡಿಯ ಒಳಗೆ ಹೋಗಲಿಕ್ಕೂ ಅಲ್ಲ. ಗುಡಿಯ ಸುತ್ತಲಿನ ರಸ್ತೆಯಲ್ಲಿ ಕಾಲಿಡಲಿಕ್ಕೆ. 1957ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಮುಂದೆ ಅವರ ಕಡೆಯವರು ತಿಂಗಳುಗಟ್ಟಲೆ ಪಿಕೆಟಿಂಗ್ ಮಾಡಿ ಬಂಧನಕ್ಕೊಳಗಾದರು. ಬೇಡಿಕೆ ಇಷ್ಟೇ, ಬೋರ್ಡಿನಲ್ಲಿರುವ 'ಬ್ರಾಹ್ಮಣ' ಎಂಬ ಪದ ತೆಗೆಯಿರಿ. ಆ ಕಾಲಕ್ಕೆ ಮದ್ರಾಸಿನಲ್ಲಿ ನಮ್ಮ ಉಡುಪಿಯವರ ಹೋಟೆಲುಗಳು ಎಷ್ಟಿದ್ದವು ಎನ್ನುವುದು ಓದುಗರಿಗೆ ಗೊತ್ತೇ ಇದೆ. ಅಂಥ ಬೋರ್ಡು ಇವತ್ತು ಈ ಊರಿನಲ್ಲಿ ಅಪರೂಪ. ಇಡ್ಲಿಯ ರುಚಿಯೇನೂ ಕೆಟ್ಟಿಲ್ಲ.

ಹಾಗೆಂದು ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವವನಲ್ಲ. ನಾನು ಸಂಜೆ ದೀಪ ಹಚ್ಚುವ ಮನೆಯವನು. 1953ರ ಮೇ 27, ಬುದ್ಧ ಪೂರ್ಣಿಮೆಯ ದಿನ ಸಂಜೆ, ತಿರುಚಿಯ ಟೌನ್ ಹಾಲ್ ಮೈದಾನದಲ್ಲಿ ಪೆರಿಯಾರ್ ಸಭೆ ಸೇರಿಸಿ ಜನರೆದುರಿಗೆ ಮಣ್ಣಿನ ಗಣಪತಿಯನ್ನು ಒಡೆದರು. ಒಬ್ಬ ಆಸ್ತಿಕ ಚೆಟ್ಟಿಯಾರರು ಕೋರ್ಟಿಗೆ ಹೋದರು. ನಾನು ತಿರುಚಿಯಲ್ಲಿದ್ದಾಗ ಈ ಮೊಕದ್ದಮೆಯ ಕತೆ ಕೇಳಿದ್ದೆ. ಆಮೇಲೆ ಸುಪ್ರೀಂ ಕೋರ್ಟಿನ ತೀರ್ಪನ್ನೇ ತರಿಸಿ ಓದಿದೆ. ಕಾಗದಪತ್ರ ನೋಡುವ ಚಟ ಬ್ಯಾಂಕಿನವರಿಗೆ ಸುಲಭಕ್ಕೆ ಬಿಡುವುದಿಲ್ಲ.

ಮ್ಯಾಜಿಸ್ಟ್ರೇಟರು ದೂರನ್ನೇ ವಜಾ ಮಾಡಿದರು. ಒಡೆದದ್ದು ಪ್ರತಿಷ್ಠೆಯಾಗದ ಮಣ್ಣಿನ ಗೊಂಬೆ, ಗಣೇಶನ ಹೋಲಿಕೆ ಇದ್ದ ಮಾತ್ರಕ್ಕೆ ಅದು ಪವಿತ್ರ ವಸ್ತು ಆಗದು ಎಂದರು. ಸೆಷನ್ಸ್ ನ್ಯಾಯಾಧೀಶರು, ಅದು ಅವರದೇ ಸ್ವಂತ ಸೊತ್ತು ಎಂದೂ ಸೇರಿಸಿದರು. ಮದ್ರಾಸ್ ಹೈಕೋರ್ಟೂ ಒಪ್ಪಿತು. ಇದನ್ನು ಓದುವಾಗ ನನಗೆ ನಮ್ಮೂರ ಗೌರಿ ಹಬ್ಬ ನೆನಪಾಯಿತು. ಕುಂಬಾರರ ಮನೆಯಿಂದ ತಟ್ಟೆಯಲ್ಲಿ ಅಕ್ಕಿ ಹಾಕಿ ಗಣಪನನ್ನು ತರುವಾಗಲೇ ಅಮ್ಮ ಸೆರಗು ಹೊದ್ದು, ಮಾತಾಡದೆ ತರುತ್ತಿದ್ದರು. ಶಾಸ್ತ್ರದ ಪ್ರಕಾರ ಪ್ರಾಣಪ್ರತಿಷ್ಠೆ ಆಗುವವರೆಗೆ ಅದು ಬರೀ ಮಣ್ಣು. ವಿಸರ್ಜನೆ ಆದ ಮೇಲೆ ಮತ್ತೆ ಮಣ್ಣು, ನಾವೇ ಬಾವಿಗೆ ಹಾಕುತ್ತೇವೆ. ಮ್ಯಾಜಿಸ್ಟ್ರೇಟರ ತರ್ಕ ಶಾಸ್ತ್ರಕ್ಕೆ ಸರಿಯೇ. ಆದರೆ ಆ ತಟ್ಟೆ ಹಿಡಿದ ಅಮ್ಮನಿಗೆ ಅದನ್ನು ಹೇಳಿ ನೋಡಿ!

ಸುಪ್ರೀಂ ಕೋರ್ಟು 1958ರ ಆಗಸ್ಟಿನಲ್ಲಿ ಅಮ್ಮನ ಕಡೆಗೇ ನಿಂತಿತು. ಯಾವುದೇ ವರ್ಗದ ಜನ ಪವಿತ್ರವೆಂದು ಭಾವಿಸಿದ ವಸ್ತು, ಅದಕ್ಕೆ ಬೆಲೆ ಇರಲಿ ಬಿಡಲಿ, ಪೂಜೆ ನಡೆದಿರಲಿ ಬಿಡಲಿ, ಕಾನೂನಿನ ರಕ್ಷಣೆಗೆ ಬರುತ್ತದೆ. ಆ ನಂಬಿಕೆ ವಿವೇಕದ್ದೋ ಅಲ್ಲವೋ ಎಂದು ಅಳೆಯುವುದು ಕೋರ್ಟಿನ ಕೆಲಸವಲ್ಲ ಎಂಬುದು ತೀರ್ಪಿನ ಸಾರ. ಕೆಳಗಿನ ಮೂರೂ ಕೋರ್ಟುಗಳು ಕಾನೂನನ್ನು ತೀರಾ ಸಂಕುಚಿತವಾಗಿ ಅರ್ಥಮಾಡಿದವು ಎಂದಿತು. ಆದರೆ ಪೆರಿಯಾರರಿಗೆ ಶಿಕ್ಷೆ ಆಯಿತೇ? ಇಲ್ಲ. ದೂರು ನಿಜವಾಗಿದ್ದರೆ ಅದೊಂದು ಅವಿವೇಕದ ಕೆಲಸ, ಆದರೆ ಐದು ವರ್ಷ ಕಳೆದು ಪ್ರಕರಣ ಹಳಸಿದೆ, ಮತ್ತೆ ಕೆದಕುವುದು ಬೇಡ ಎಂದು ಅಪೀಲು ವಜಾ ಮಾಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಲ ಇದೆ ಅಂತ ಒಪ್ಪಿ ವಸೂಲಿ ಬೇಡ ಅಂದ ಹಾಗೆ. ಇಬ್ಬರಿಗೂ ಗೆದ್ದೆವೆಂದು ಹೇಳಿಕೊಳ್ಳಲು ಏನೋ ಒಂದು ಸಿಕ್ಕಿತು. ನೆಮ್ಮದಿಗೆ ಕೆಲವೊಮ್ಮೆ ಇಷ್ಟು ಸಾಕಾಗುತ್ತದೆ.

1971ರ ಜನವರಿಯಲ್ಲಿ ಸೇಲಂನಲ್ಲಿ ನಡೆದದ್ದು ಇನ್ನೂ ಕಹಿ. ಮೂಢನಂಬಿಕೆ ವಿರೋಧಿ ಸಮ್ಮೇಳನದ ಮೆರವಣಿಗೆಗೆ ಜನಸಂಘದವರು ಕಪ್ಪು ಬಾವುಟ ತೋರಿಸಿದರು, ಚಪ್ಪಲಿ ತೂರಿ ಬಂತು, ಪ್ರತಿಯಾಗಿ ರಾಮನ ಚಿತ್ರಕ್ಕೆ ಚಪ್ಪಲಿ ಏಟು ಬಿತ್ತು. ಮುಂದಿನ ವಿವರಗಳಲ್ಲಿ ಎರಡು ಕಡೆಯವರ ಕತೆ ಬೇರೆ ಬೇರೆ. ಚುನಾವಣೆ ಹತ್ತಿರವಿತ್ತು, ವಿರೋಧಿಗಳು ಇದನ್ನು ಮನೆಮನೆಗೆ ಮುಟ್ಟಿಸಿದರು. ಫಲಿತಾಂಶ ಬಂದಾಗ ಡಿಎಂಕೆಗೆ 234ರಲ್ಲಿ 184 ಸ್ಥಾನ. ರಾಮನವಮಿಗೆ ಪಾನಕ ಹಂಚುವ ಜನವೇ ಆ ವೋಟನ್ನೂ ಹಾಕಿದ್ದು. ದೇವರನ್ನೂ ರಾಜಕೀಯವನ್ನೂ ಬೇರೆ ಬೇರೆ ಖಾತೆಯಲ್ಲಿಡುವ ಜಾಣತನ ಇವರಿಗಿದೆ.

ನಾನಿದು ಕಣ್ಣಾರೆ ಕಂಡದ್ದು ನಮ್ಮ ಬ್ರಾಂಚಿನಲ್ಲಿ. ತಿರುಚಿಯ ನಮ್ಮ ಹೆಡ್ ಕ್ಯಾಷಿಯರ್ ಕರಿ ಅಂಗಿಯವರು. ಭಾನುವಾರವಾದರೆ ದ್ರಾವಿಡರ್ ಕಳಗಂ ಸಭೆ. ಸ್ಟ್ರಾಂಗ್ ರೂಮಿನ ಒಂದು ಕೀಲಿ ಅವರ ಹತ್ತಿರ, ಇನ್ನೊಂದು ಅಧಿಕಾರಿಯಾದ ನನ್ನ ಹತ್ತಿರ. ಎರಡೂ ಕೂಡದೆ ಬಾಗಿಲು ತೆರೆಯದು. ಆಯುಧಪೂಜೆಯ ದಿನ ಅವರು ಪೂಜೆಗೆ ನಿಲ್ಲುತ್ತಿರಲಿಲ್ಲ, ಆದರೆ ಬೆಳಿಗ್ಗೆಯೇ ಬಂದು ಬಾಳೆಕಂದು ಕಟ್ಟಿಸಿ, ಪುರಿ ಕಡಲೆ ಪೊಟ್ಟಣದ ಲೆಕ್ಕ ಬರೆದಿಡುತ್ತಿದ್ದರು. ಯಾರಿಗೂ ಅದು ವಿಚಿತ್ರ ಅನಿಸಿರಲಿಲ್ಲ. ಒಂದು ವರ್ಷ ಹೊಸ ಮ್ಯಾನೇಜರು ಬಂದರು, ತುಂಬ ಮಡಿವಂತರು. ಪುರೋಹಿತರನ್ನು ಸ್ಟ್ರಾಂಗ್ ರೂಮಿನ ಒಳಗೇ ಕರೆದು ಲಕ್ಷ್ಮೀಪೂಜೆ ಆಗಬೇಕು ಎಂದರು. ಕ್ಯಾಷಿಯರ್ ಕೀಲಿ ಕೊಡಲಿಲ್ಲ. "ದೇವರಿಲ್ಲ ಅಂತ ನಾನು ಬೇಡ ಅನ್ನುತ್ತಿಲ್ಲ ಸಾರ್, ಹೊರಗಿನವರನ್ನು ಒಳಗೆ ಬಿಡಬಾರದು ಅಂತ ನಿಮ್ಮ ಪುಸ್ತಕದಲ್ಲೇ ಇದೆ" ಎಂದರು. ನಾನೂ ನನ್ನ ಕೀಲಿ ತೆಗೆಯಲಿಲ್ಲ. ಪೂಜೆ ಬಾಗಿಲ ಹೊರಗೇ ನಡೆಯಿತು.

ಮ್ಯಾನೇಜರರ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ನಾಸ್ತಿಕನ ಕೈಯಲ್ಲಿ ಹಣದ ಕೀಲಿ ಇರಬಾರದು, ಪಾಪಭಯ ಇಲ್ಲದವನನ್ನು ಹೇಗೆ ನಂಬುವುದು ಎಂದು ಅವರನ್ನು ಆ ಕೆಲಸದಿಂದ ಬದಲಿಸಲು ಹೊರಟರು. ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಹೆಸರಿನ ಪ್ರಶ್ನೆ ಅದು. ಆಗ ಅವರ ಪರ ನಿಂತವರು ಯಾರು ಎಂದುಕೊಂಡಿರಿ? ಪ್ರತಿ ವರ್ಷ ಶಬರಿಮಲೆಗೆ ಮಾಲೆ ಹಾಕುವ ಇಬ್ಬರು ಗುಮಾಸ್ತರು, ಶ್ರೀರಂಗದಿಂದ ನಾಮ ಹಚ್ಚಿಕೊಂಡು ಬರುತ್ತಿದ್ದ ಅಯ್ಯಂಗಾರ್ ಅಕೌಂಟೆಂಟ್. "ಈ ಮನುಷ್ಯನ ಕೈಯಲ್ಲಿ ಒಂದು ರೂಪಾಯಿ ಕಮ್ಮಿ ಬಿದ್ದದ್ದು ತೋರಿಸಿ" ಎಂದು ಅಕೌಂಟೆಂಟ್ ಕೇಳಿದರು. ಮ್ಯಾನೇಜರ್ ಸುಮ್ಮನಾದರು. ಆ ಅಕೌಂಟೆಂಟರೂ ಕ್ಯಾಷಿಯರರೂ ಮಧ್ಯಾಹ್ನ ಊಟದ ಹೊತ್ತು ದಿನಾ ರಾಮಾಯಣದ ಬಗ್ಗೆ ಕಿತ್ತಾಡುತ್ತಿದ್ದವರು.

ಇಂಥ ಸ್ನೇಹಕ್ಕೆ ಮೇಲ್ಪಂಕ್ತಿ ಇಲ್ಲಿನ ದೊಡ್ಡವರೇ ಹಾಕಿಕೊಟ್ಟಿದ್ದರು. ರಾಜಾಜಿ ರಾಮಾಯಣ ಮಹಾಭಾರತ ಬರೆದ ವೈಷ್ಣವರು, ಪೆರಿಯಾರ್ ಬೀದಿಯಲ್ಲಿ ರಾಮನ ಚಿತ್ರ ಸುಡಲು ಹೊರಟವರು. ಜೀವನಪೂರ್ತಿ ಎದುರಾಳಿಗಳು, ಆದರೂ 1949ರಲ್ಲಿ ತಮ್ಮ ಮದುವೆಯ ವಿಚಾರಕ್ಕೆ ಪೆರಿಯಾರ್ ಸಲಹೆ ಕೇಳಿದ್ದು ರಾಜಾಜಿಯವರನ್ನು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ, ತೊಂಬತ್ಮೂರು ವಯಸ್ಸಿನ ಪೆರಿಯಾರ್ ಗಾಲಿಕುರ್ಚಿಯಲ್ಲಿ ಬಂದು ಚಿತೆಯ ಬಳಿ ಅತ್ತರು. ಕುಂಡ್ರಕುಡಿ ಮಠದ ಅಡಿಗಳಾರರೂ ಹಾಗೆಯೇ. ಮೊದಲು ವಾದಕ್ಕಿಳಿದು ಆಮೇಲೆ ಗೆಳೆಯರಾದರು. ಮಠಕ್ಕೆ ಹೋದಾಗ ಕೊಟ್ಟ ವಿಭೂತಿಯನ್ನು ಪೆರಿಯಾರ್ ಬೇಡವೆನ್ನಲಿಲ್ಲ ಎಂದು ತಮಿಳರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಆ ತಲೆಮಾರು ಹೋದ ಮೇಲೆ ಉಳಿದದ್ದು ವಿಗ್ರಹಗಳು. ವಿಗ್ರಹ ಅಂದ ಮೇಲೆ ಒಡೆಯುವವರೂ ಇದ್ದಾರೆ. ಶ್ರೀರಂಗದಲ್ಲಿ ನಮ್ಮಮ್ಮ ನೋಡಿದ ವಿಗ್ರಹವೂ ಎರಡನೆಯದು. ಮೊದಲನೆಯದನ್ನು 2006ರ ಡಿಸೆಂಬರಿನಲ್ಲಿ, ಅನಾವರಣಕ್ಕೆ ಮೊದಲೇ ಒಡೆದಿದ್ದರು. ಅದಕ್ಕೆ ಪ್ರತೀಕಾರವೆಂದು ಬೇರೆ ಊರುಗಳಲ್ಲಿ ಗುಡಿಗಳ ಮೇಲೆ ದಾಳಿಯಾಯಿತು. ಮೂರ್ತಿಪೂಜೆ ಬೇಡವೆಂದವರ ಮೂರ್ತಿಗೂ ಒಂದು ಪಾವಿತ್ರ್ಯ ಬಂದುಬಿಟ್ಟಿತ್ತು ನೋಡಿ.

ಮರುವರ್ಷದ್ದು ನಮ್ಮ ಬೆಂಗಳೂರಿಗೇ ಬಂತು. 2007ರ ಸೆಪ್ಟೆಂಬರಿನಲ್ಲಿ ಸೇತುಸಮುದ್ರಂ ಯೋಜನೆಯ ಗದ್ದಲದ ನಡುವೆ ಕರುಣಾನಿಧಿಯವರು, ರಾಮ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದ ಎಂದು ಕೇಳಿದರು. ಬೆಂಗಳೂರಿನಲ್ಲಿದ್ದ ಅವರ ಮಗಳ ಮನೆಗೆ ಕಲ್ಲು ಬಿತ್ತು. ಅದೇ ರಾತ್ರಿ ಊರ ಹೊರವಲಯದಲ್ಲಿ ತಮಿಳುನಾಡಿನ ಒಂದು ಬಸ್ಸಿಗೆ ಬೆಂಕಿ ಹಚ್ಚಿದರು, ಇಬ್ಬರು ಸುಟ್ಟು ಸತ್ತರು. ಟಿಕೆಟ್ ಕೊಂಡು ಕೂತವರು. ಅವರಿಗೆ ರಾಮನ ಮೇಲೆ ಭಕ್ತಿ ಇತ್ತೋ ಇಲ್ಲವೋ ಯಾರು ಕೇಳಿದರು? ಚೆನ್ನೈ ಬೆಂಗಳೂರು ಬಸ್ಸಿನಲ್ಲಿ ನೂರಾರು ಸಲ ಓಡಾಡಿದ ನನಗೆ ಆ ವಾರ ನಿದ್ದೆ ಬರಲಿಲ್ಲ.

ಕರ್ನಾಟಕದಲ್ಲಿ ಇಂಥ ಜಗಳ ಪುಸ್ತಕದೊಳಗೇ ಇರುತ್ತದೆ ಎನ್ನುವವರಿದ್ದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡ ಪರೀಕ್ಷೆಗೆ ಸಮಿತಿ ಮಾಡಿದಾಗ ಗದ್ದಲವಾದದ್ದು ಪತ್ರಿಕೆಗಳಲ್ಲಿ. 1991ರಲ್ಲಿ ಎ. ಎನ್. ಮೂರ್ತಿರಾಯರು 'ದೇವರು' ಬರೆದಾಗ ಭಕ್ತರೂ ಕೊಂಡು ಓದಿದರು. 2015ರ ಆಗಸ್ಟಿನಲ್ಲಿ ಧಾರವಾಡದ ಮನೆಬಾಗಿಲಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಕೊಂದ ಮೇಲೆ ಆ ಮಾತು ಹೇಳಲು ಬಾಯಿ ಬರುವುದಿಲ್ಲ. ಅವರು ನಾಸ್ತಿಕರೂ ಅಲ್ಲ, ಶಾಸನ ಮತ್ತು ವಚನಗಳ ಸಂಶೋಧಕರು. ಇಲ್ಲಿಯೂ 2017ರ ಮಾರ್ಚಿನಲ್ಲಿ ಕೊಯಮತ್ತೂರಿನಲ್ಲಿ, ಮುಸ್ಲಿಂ ಮನೆಯಲ್ಲಿ ಹುಟ್ಟಿ ನಾಸ್ತಿಕನಾದ ಒಬ್ಬ ಯುವಕನ ಕೊಲೆಯಾಯಿತು.

ಹಳೆಯ ತಕರಾರು, ಅಂದರೆ ಗುಡಿಯಲ್ಲಿ ಯಾರು ಎಲ್ಲಿ ನಿಲ್ಲಬೇಕು ಎನ್ನುವುದು, ಇನ್ನೂ ಇತ್ಯರ್ಥವಾಗಿಲ್ಲ. ಪೆರಿಯಾರ್ ಕೊನೆಗಾಲದಲ್ಲಿ ಹಿಡಿದ ಹೋರಾಟ ಗರ್ಭಗುಡಿ ಪ್ರವೇಶದ್ದು. ವಂಶಪಾರಂಪರ್ಯ ಅರ್ಚಕ ಹಕ್ಕನ್ನು ತೆಗೆದ ತಮಿಳುನಾಡಿನ ಕಾನೂನನ್ನು 1972ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಆದರೆ ಆಗಮದ ನಿಯಮ ಮೀರಬಾರದು ಎಂದಿತು. 2021ರ ಆಗಸ್ಟಿನಲ್ಲಿ ಸರ್ಕಾರ ಬೇರೆ ಬೇರೆ ಜಾತಿಗಳ, ತರಬೇತಾದ 24 ಮಂದಿಯನ್ನು ಅರ್ಚಕರನ್ನಾಗಿ ನೇಮಿಸಿತು. ತಿರುಚಿಯ ಹತ್ತಿರದ ವಯಲೂರು ಮುರುಗನ್ ದೇವಸ್ಥಾನಕ್ಕೂ ಇಬ್ಬರು ಬಂದರು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿಗಳೊಬ್ಬರು ಆ ಇಬ್ಬರ ನೇಮಕವನ್ನು ಆಗಮದ ಕಾರಣಕ್ಕೆ ರದ್ದು ಮಾಡಿದರು.

ನೇಮಕವಾದ ದಿನ ನಮ್ಮ ಹಳೇ ಕ್ಯಾಷಿಯರ್ ಫೋನ್ ಮಾಡಿದ್ದರು. ಎಂಬತ್ತು ದಾಟಿದೆ, ದನಿ ನಡುಗುತ್ತದೆ. "ಹಾಗಾದರೆ ಇನ್ನು ನೀವೂ ಗುಡಿಗೆ ಹೋಗ್ತೀರೋ ಅಣ್ಣಾ?" ಅಂದೆ. ಜೋರಾಗಿ ನಕ್ಕು, ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಆಕೆ ಪ್ರತಿ ಕೃತ್ತಿಕೆಗೆ ವಯಲೂರಿಗೆ ಹೋಗುವವರು. ಮನೆಯಲ್ಲಿ ದೇವರ ಗೂಡು ಮೊದಲಿನಿಂದಲೂ ಇದೆ. ಮುಂದಿನ ಕೃತ್ತಿಕೆಗೆ ಹೋಗಿ ಬಂದು ತಾವಾಗಿಯೇ ಫೋನ್ ಮಾಡಿದರು. ಹೊಸ ಪೂಜಾರಿ ಚಿಕ್ಕ ಹುಡುಗ, ಅಭಿಷೇಕ ಅವಸರವಿಲ್ಲದೆ ಮಾಡುತ್ತಾನೆ, ವಿಭೂತಿಯನ್ನು ಎಲ್ಲರಿಗೂ ಕೈಗೇ ಕೊಡುತ್ತಾನೆ ಎಂದರು.